ಎರಡು ಹೆಜ್ಜೆ ಹಿಂದೆ

ಟೈಲರಕ್ಕನ ಅಂಗಡಿ ಎಷ್ಟು ಇಕ್ಕಟ್ಟೆಂದರೆ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು ಬಿಟ್ಟು ಉಳಿದದ್ದು ಒಂದು ಮೂಲೆ. ಅಲ್ಲಿ ಗುಂಡಿ ಡಬ್ಬಿಗಳ ಹಲಗೆ, ಅದರ ಮೇಲೆ ಮೂರಡಿ ಕನ್ನಡಿ. ಹೊಸ ಲಂಗ ತೊಟ್ಟು ನಿಂತವರಿಗೆ ಮಂಡಿಯವರೆಗೆ ಮಾತ್ರ ಕಾಣುತ್ತಿತ್ತು.

"ಎರಡು ಹೆಜ್ಜೆ ಹಿಂದೆ ಹೋಗಮ್ಮ, ಪೂರ್ತಿ ಕಾಣುತ್ತೆ."

ಹತ್ತೊಂಬತ್ತು ವರ್ಷದಿಂದ ಅಕ್ಕನದು ಇದೇ ಮಾತು. ಹಿಂದೆ ಹೋದವರ ಸೊಂಟಕ್ಕೆ ಮೇಜು ಬಡಿಯುತ್ತಿತ್ತು. ಅಂಚು ಹೇಗೆ ಬಿದ್ದಿದೆ ಎಂದು ನೋಡಲಾಗದೆ ಗಿರಾಕಿಗಳು ಮುಖ ಸಣ್ಣಗೆ ಮಾಡಿಕೊಳ್ಳುತ್ತಿದ್ದರು. ಜಾಗ ಸಾಲದ್ದೇ ಇದಕ್ಕೆಲ್ಲ ಕಾರಣವೆಂದು ಅಕ್ಕ ಊರಾಚೆಯ ದೊಡ್ಡ ಮಳಿಗೆಗೆ ಹೂಂ ಅಂದುಬಿಟ್ಟಿದ್ದರು. ಸೋಮವಾರ ಬೀಗದ ಕೈ ತರಬೇಕು. ಮನಸ್ಸು ಮಾತ್ರ ಈ ಬೀದಿ ಬಿಡಲು ಒಲ್ಲೆನ್ನುತ್ತಿತ್ತು. ಎದುರಿನ ಇಸ್ತ್ರಿಯವನ ಹತ್ತಿರ ನಾಲ್ಕು ಮಾತು ಜಗಳವಾಡದೆ ಅವರಿಗೆ ಬೆಳಗೇ ಆಗುತ್ತಿರಲಿಲ್ಲ.

ಶನಿವಾರ ಮಗಳು ಶಾಲೆಯಿಂದ ಬಂದವಳೇ ವಿಜ್ಞಾನದ ಉತ್ತರಪತ್ರಿಕೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ನಿನ್ ಮಾತು ನಂಬಿ ಕೆಟ್ಟೆ ಕಣಮ್ಮ!"

ಕನ್ನಡಿಯಿಂದ ಹಿಂದೆ ಸರಿದರೆ ನಮ್ಮ ಮೈ ಹೆಚ್ಚು ಕಾಣುವುದೇ ಎಂಬ ಪ್ರಶ್ನೆಗೆ ಅವಳು 'ಹೌದು' ಎಂದು ಬರೆದಿದ್ದಳು. ಪಕ್ಕದಲ್ಲಿ ಟೀಚರ್ ಕೆಂಪು ಶಾಯಿಯಲ್ಲಿ 'ಮಾಡಿ ನೋಡು' ಎಂದಿದ್ದರು.

"ನಿಮ್ ಟೀಚರ್ ಎಷ್ಟು ಲಂಗ ಹೊಲಿದಿದ್ದಾರಂತೆ? ಹಿಡಿ ಮೇಜು, ಈಗಲೇ ತೋರಿಸ್ತೀನಿ."

ಇಬ್ಬರೂ ಮೇಜನ್ನು ಎಳೆದು ಪಕ್ಕಕ್ಕಿಟ್ಟರು. ಅಕ್ಕ ಕನ್ನಡಿ ನೋಡುತ್ತಲೇ ಎರಡು ಹೆಜ್ಜೆ ಹಿಂದೆ ಹೋದರು. ಮಂಡಿ. ಐದು ಹೆಜ್ಜೆ. ಮಂಡಿ. ಹೊಸ್ತಿಲು ಮುಟ್ಟಿದಾಗ ಕನ್ನಡಿಯಲ್ಲಿ ಬೀದಿ ಕಂಡಿತು, ಇಸ್ತ್ರಿ ಗಾಡಿ ಕಂಡಿತು. ಅಕ್ಕನ ಪಾದ ಮಾತ್ರ ಇಲ್ಲ.

"ಏನಕ್ಕಾ, ಹೊಸ ಮಳಿಗೆಗೆ ಹಿಮ್ಮುಖವಾಗೇ ಹೊರಟ್ರಾ?" ಎಂದು ಇಸ್ತ್ರಿಯವನು ಕೂಗಿದ.

"ನಿನ್ ಕೈಲಿರೋ ಅಂಗಿ ಸುಡದ ಹಾಗೆ ನೋಡ್ಕೋ!"

ಮಗಳು ನಗು ತಡೆದುಕೊಂಡು ಅಂದಳು: "ಹಿಂದೆ ಹೋದ್ರೆ ಏನೂ ಆಗಲ್ಲಮ್ಮ. ಕಣ್ಣಿಗೂ ಪಾದಕ್ಕೂ ನಡುಮಧ್ಯದ ಎತ್ತರದವರೆಗೆ ಕನ್ನಡಿ ಇಳಿದಿರಬೇಕಂತೆ."

ಅಕ್ಕ ಕೊರಳಲ್ಲಿದ್ದ ಟೇಪನ್ನು ಕಣ್ಣಿನಿಂದ ನೆಲಕ್ಕೆ ಬಿಟ್ಟು ಅಳೆದರು. ಅರ್ಧಕ್ಕೆ ಮಡಚಿ, ನೆಲದಿಂದ ಗೋಡೆಗೆ ಹಿಡಿದರು. ಮಡಿಕೆ ಬಂದು ನಿಂತದ್ದು ಕನ್ನಡಿಗಿಂತ ಒಂದು ಗೇಣು ಕೆಳಗೆ, ಸರಿಯಾಗಿ ಗುಂಡಿ ಡಬ್ಬಿಗಳ ಮೇಲೆ.

"ಅಯ್ಯೋ, ಇಷ್ಟು ವರ್ಷ ಎಲ್ಲರ ಕಾಲನ್ನೂ ಈ ಡಬ್ಬಿಗಳೇ ನುಂಗಿದ್ವಲ್ಲೇ!"

ಹಲಗೆ ಕಿತ್ತು ಕನ್ನಡಿಯನ್ನು ಒಂದು ಗೇಣು ಇಳಿಸಿದರು. ಅದರಲ್ಲಿ ಅಕ್ಕನ ಪಾದಗಳು ಮೂಡಿದವು, ಹೆಬ್ಬೆರಳಿಗೆ ಅಂಟಿದ್ದ ಹಳದಿ ದಾರದ ಸಮೇತ.

ಸೋಮವಾರ ಅವರು ಬೀಗದ ಕೈ ತರಲು ಹೋಗಲಿಲ್ಲ. ಮಳಿಗೆಯವರಿಗೆ ಬೇಡವೆಂದು ಹೇಳಿಕಳಿಸಿ, ಇಸ್ತ್ರಿಯವನ ಜೊತೆ ಎಂದಿನ ಜಗಳ ಮುಗಿಸಿ ಬಾಗಿಲು ತೆರೆದರು. ಮೊದಲ ಗಿರಾಕಿ ಹೊಸ ಲಂಗ ತೊಟ್ಟು ಕನ್ನಡಿಯ ಮುಂದೆ ನಿಂತಳು.

"ಎರಡು ಹೆಜ್ಜೆ..." ಎಂದ ಅಕ್ಕ ನಾಲಿಗೆ ಕಚ್ಚಿಕೊಂಡರು. "ಬೇಡ ತಾಯಿ, ಅಲ್ಲೇ ನಿಂತ್ಕೋ."