ನನ್ನ ಹತ್ತೊಂಬತ್ತು, ಅವನ ಇಪ್ಪತ್ತು

ಹೋದ ತಿಂಗಳು ನಮ್ಮ ಫ್ರಿಜ್ಜಿನ ಬಾಗಿಲಿನಿಂದ ದೇವಸ್ಥಾನದ ಕ್ಯಾಲೆಂಡರ್ ಕೆಳಗಿಳಿಯಿತು. ಆ ಜಾಗಕ್ಕೆ ಒಂದು ಚಾರ್ಟ್ ಬಂತು. ಹಸಿರು, ಹಳದಿ, ಕೆಂಪು ಚೌಕಗಳು. ಲ್ಯಾಮಿನೇಟ್ ಬೇರೆ ಆಗಿದೆ. ಯಾರದೋ ಶುಗರ್ ಡಯಟ್ ಇರಬೇಕು ಅಂದುಕೊಂಡೆ. ಏಕಾದಶಿ ಯಾವತ್ತು ಅಂತ ನೋಡಲು ಹೋದ ನನಗೆ ಸಿಕ್ಕಿದ್ದು, ಡೀಲರ್ ಹತ್ತಿರ ಆರು ಇದ್ದರೆ ಹನ್ನೆರಡರಲ್ಲೇ ನಿಂತುಬಿಡು ಎಂಬ ಉಪದೇಶ.

ಚಾರ್ಟ್ ತಂದವನು ನನ್ನ ಗಂಡ ಮಧು. (ಮೈಸೂರಿನಲ್ಲಿ ಒಂದೇ ಕಾಲೇಜು, ಒಂದೇ ಕ್ಲಾಸು. ಬಹುವಚನ ಕೊಡಲು ಪ್ರಯತ್ನಪಟ್ಟಿದ್ದೇನೆ, ನಾಲಿಗೆ ಹೊರಳುವುದಿಲ್ಲ.) ನಾನು ಡಾಲಸ್ ಪಕ್ಕದ ಲಾಸ್ ಕೊಲಿನಾಸ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ಅವನ ಆಫೀಸು ಒಂದು ವರ್ಷದಿಂದ ಹೂಸ್ಟನ್‌ನ ಎನರ್ಜಿ ಕಾರಿಡಾರ್‌ನಲ್ಲಿ. ಭಾನುವಾರ ಸಂಜೆ ಹೋಗುತ್ತಾನೆ, ಶುಕ್ರವಾರ ನಾಲ್ಕು ಗಂಟೆ ಡ್ರೈವ್ ಮಾಡಿ ಬರುತ್ತಾನೆ. ಮಗಳು ಆಸ್ಟಿನ್‌ನಲ್ಲಿ ಕಾಲೇಜು ಓದುತ್ತಿದ್ದಾಳೆ. ಮೂರು ಊರು, ಮೂರು ಫ್ರಿಜ್ಜು. ಫ್ಯಾಮಿಲಿ ಪ್ಲಾನ್ ಅಂತ ನಮಗಿರುವುದು ಒಂದೇ, ಅದು ಫೋನಿನದು.

ಹೂಸ್ಟನ್‌ನಲ್ಲಿ ಮಧುಗೆ ಒಬ್ಬ ಗುರು ಸಿಕ್ಕಿದ್ದಾರೆ. ದೇಸಾಯಿ ಅಂತ, ಧಾರವಾಡದವರು, ಪೈಪು ವಾಲ್ವುಗಳ ಬಿಸಿನೆಸ್ಸು. ತುಂಬ ಒಳ್ಳೆಯ ಮನುಷ್ಯ. ಆದರೆ ಇಸ್ಪೀಟು ಕಂಡರೆ ಊಟ ಮರೆಯುವ ಜಾತಿ. ಟೆಕ್ಸಾಸ್‌ನಲ್ಲಿ ಬಂದೂಕು ಇಟ್ಟುಕೊಳ್ಳಬಹುದು, ಕ್ಯಾಸಿನೋ ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ಹೂಸ್ಟನ್ ಜನ ಪೂರ್ವಕ್ಕೆ ಹೊರಟು ಲೂಸಿಯಾನ ಸೇರುತ್ತಾರೆ, ಡಾಲಸ್ ಜನ ಉತ್ತರಕ್ಕೆ ಹೊರಟು ನದಿ ದಾಟಿ ಒಕ್ಲಹೋಮ ಸೇರುತ್ತಾರೆ. ದೇಸಾಯಿಯವರಿಗೆ ಎರಡೂ ದಿಕ್ಕು ಬಾಯಿಪಾಠ.

ಅವರು ಹಿಡಿಸಿದ ಹುಚ್ಚಿನ ಹೆಸರು ಬ್ಲ್ಯಾಕ್‌ಜ್ಯಾಕ್ ಸ್ವಿಚ್. ಮಾಮೂಲಿ ಬ್ಲ್ಯಾಕ್‌ಜ್ಯಾಕ್ ಗೊತ್ತಲ್ಲ? ಎಲೆಗಳ ಮೊತ್ತ ಇಪ್ಪತ್ತೊಂದಕ್ಕೆ ಹತ್ತಿರ ಹೋಗಬೇಕು, ದಾಟಬಾರದು, ಎಲೆ ಹಂಚುವ ಡೀಲರ್‌ಗಿಂತ ಮುಂದಿರಬೇಕು. ರಾಜ, ರಾಣಿ, ಗುಲಾಮ ಮೂವರಿಗೂ ಹತ್ತೇ ಬೆಲೆ. ಸ್ವಿಚ್‌ನಲ್ಲಿ ಒಬ್ಬರಿಗೆ ಎರಡು ಜೋಡಿ ಎಲೆ ಬರುತ್ತದೆ. ಎರಡಕ್ಕೂ ಪಣ ಇಡಬೇಕು. ಬೇಕೆನಿಸಿದರೆ ಎರಡೂ ಜೋಡಿಗಳ ಎರಡನೇ ಎಲೆಯನ್ನು ಅದಲುಬದಲು ಮಾಡಿಕೊಳ್ಳಬಹುದು. ಬೇರೆ ಟೇಬಲ್ಲಿನಲ್ಲಿ ಹೀಗೆ ಮಾಡಿದರೆ ಕತ್ತು ಹಿಡಿದು ಆಚೆ ಹಾಕುತ್ತಾರೆ. ಇಲ್ಲಿ ಅದೇ ಆಟ. ಹತ್ತು-ಆರು, ಐದು-ಹತ್ತು ಬಂತು ಅನ್ನಿ. ಹದಿನಾರು, ಹದಿನೈದು, ಎರಡೂ ದರಿದ್ರ. ಬದಲಿಸಿದರೆ ಒಂದು ಕಡೆ ಇಪ್ಪತ್ತು, ಇನ್ನೊಂದು ಕಡೆ ಹನ್ನೊಂದು, ಅದರ ಮೇಲೊಂದು ಹತ್ತು ಬಿದ್ದರೆ ಇಪ್ಪತ್ತೊಂದು!

ಕ್ಯಾಸಿನೋದವರು ಧರ್ಮಕ್ಕೆ ಕೊಡುತ್ತಾರಾ? ಡೀಲರ್ ಎಲೆ ಎಳೆಯುತ್ತಾ ಇಪ್ಪತ್ತೆರಡಕ್ಕೆ ಹೋದರೆ ಸೋತ ಅನ್ನಬೇಕಲ್ಲ? ಇಲ್ಲ. ಅದು ಡ್ರಾ ಅಂತೆ. ಇಟ್ಟದ್ದು ವಾಪಸ್, ಅಷ್ಟೇ. ಈ ನಿಯಮ ಓದಿದಾಗಲೇ ನನಗೆ ಪಿತ್ತ ನೆತ್ತಿಗೇರಿತು.

ಆದರೆ ನಮ್ಮ ಐಟಿ ಜನಕ್ಕೆ ಆಟ ಅಂದರೆ ಆಟ ಅಲ್ಲ, ಪ್ರಾಜೆಕ್ಟು. ಮಧು ನನಗೆ ಟ್ರೈನಿಂಗ್ ಶುರು ಮಾಡಿದ. ಎಕ್ಸೆಲ್ ಶೀಟ್ ಬಂತು. ಹೂಸ್ಟನ್‌ನಿಂದ ಬರುವಾಗ ಕಾರಿನಿಂದಲೇ ಫೋನ್ ಮಾಡಿ ಪ್ರಶ್ನೆ ಕೇಳತೊಡಗಿದ. ನಾನು ಇಲ್ಲಿ ಒಗ್ಗರಣೆ ಹಾಕುತ್ತಾ ಹಿಟ್ (ಇನ್ನೊಂದು ಎಲೆ ಬೇಕು), ಸ್ಟ್ಯಾಂಡ್ (ಸಾಕು) ಅಂತ ಉತ್ತರ ಒಪ್ಪಿಸಬೇಕು. ತಪ್ಪಾದರೆ ಚಾರ್ಟ್ ನೋಡು ಅಂತ ರೇಗುತ್ತಾನೆ. ಶನಿವಾರ ಡೈನಿಂಗ್ ಟೇಬಲ್ ಮೇಲೆ ಪ್ರಾಕ್ಟೀಸು. ಸಾರಿನ ಪಾತ್ರೆಯನ್ನು ಒಲೆಯ ಮೇಲೆಯೇ ಬಿಟ್ಟು ತಟ್ಟೆ ಹಿಡಿದು ನಿಂತು ಉಂಡ ದಿನಗಳೂ ಉಂಟು.

ಈ ಗಲಾಟೆಯ ನಡುವೆ ಒಂದು ಬುಧವಾರ ನನ್ನ ಮ್ಯಾನೇಜರ್ ಕರೆದಳು. ಟೆಸ್ಟಿಂಗ್ ಟೀಮಿಗೆ ಲೀಡ್ ಬೇಕು, ನೀನು ಆಗುತ್ತೀಯಾ ಅಂದಳು. ಒಂದೇ ಷರತ್ತು, ದಿನವೂ ಇಲ್ಲೇ ಆಫೀಸಿಗೆ ಬಂದು ಕೂರಬೇಕು. ಸೋಮವಾರದೊಳಗೆ ಉತ್ತರ ಬೇಕು.

ನಿಮಗೆ ಇದು ಸಣ್ಣ ವಿಷಯ ಅನ್ನಿಸಬಹುದು. ನಾನು ಬೆಂಗಳೂರಿನ ಕೆಲಸ ಬಿಟ್ಟು ಡಿಪೆಂಡೆಂಟ್ ವೀಸಾದಲ್ಲಿ ಬಂದವಳು. ಆರು ವರ್ಷ ಕೆಲಸ ಮಾಡುವ ಹಾಗಿರಲಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಕಾಲೇಜು ಮುಗಿಸಿ ಬಂದ ಮಕ್ಕಳ ಜೊತೆ, ಅವರದೇ ಸಂಬಳಕ್ಕೆ, ಮೊದಲಿನಿಂದ ಶುರು ಮಾಡಿದೆ. ಮ್ಯಾನೇಜರ್ ರೂಮಿನಿಂದ ಹೊರಬಂದು ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ಸ್ವಲ್ಪ ಅತ್ತೆ. ಖುಷಿಗೆ. ಆಮೇಲೆ ಮಧುಗೆ ಫೋನ್ ಮಾಡಿದೆ.

ಹೌದಾ, ಗುಡ್, ನೋಡೋಣ ಅಂದ. ಅದೇ ಉಸಿರಿನಲ್ಲಿ, ಡೀಲರ್ ಹತ್ತಿರ ಏಳು ಇದೆ, ನಿನ್ನ ಹತ್ತಿರ ಹದಿನಾರು, ಏನು ಮಾಡ್ತೀಯ ಅಂತ ಕೇಳಿದ. ಏನು ಮಾಡಲಿ? ಫೋನ್ ಇಟ್ಟೆ.

ಆ ಶುಕ್ರವಾರ ಅವನ ಕಾರಿನಲ್ಲೇ ದೇಸಾಯಿಯವರೂ ಬಂದರು. ಶನಿವಾರ ಬೆಳಗ್ಗೆ ಉಪ್ಪಿಟ್ಟು ತಿಂದು ಮೂವರೂ ಒಕ್ಲಹೋಮಕ್ಕೆ ಹೊರಟೆವು. ಮಧ್ಯಾಹ್ನದ ಹೊತ್ತಿಗೆ ಕ್ಯಾಸಿನೋ ಒಳಗಿದ್ದೆವು. ಗಡಿಯಾರವಿಲ್ಲ, ಕಿಟಕಿಯಿಲ್ಲ, ಎಸಿ ಮಾತ್ರ ಮೂಳೆ ಕೊರೆಯುವಷ್ಟು. ಸ್ವಿಚ್ ಟೇಬಲ್ಲಿನಲ್ಲಿ ಎರಡೇ ಕುರ್ಚಿ ಖಾಲಿ. ಒಂದರಲ್ಲಿ ದೇಸಾಯಿ ಕೂತರು, ಇನ್ನೊಂದರಲ್ಲಿ ಮಧು. ನಾನು ಹಿಂದೆ ನಿಂತೆ. (ಇಲ್ಲೇ ನನಗೆ ಹೊಳೆಯಬೇಕಿತ್ತು.)

ನಾನೂ ಆಡಬೇಕಲ್ಲ? ಮಧು ಒಂದು ಉಪಾಯ ಹೇಳಿದ. ಅವನ ಮುಂದೆ ಪಣ ಇಡಲು ಎರಡು ವೃತ್ತ ಇದ್ದವು. ಎಡಗಡೆಯದು ಅವನದು, ಬಲಗಡೆಯದು ನನ್ನದು. ನನ್ನ ಪರ್ಸಿನ ದುಡ್ಡಿಗೆ ಕೊಂಡ ಚಿಪ್ಸ್, ಅಂದರೆ ಪಣದ ಬಿಲ್ಲೆ, ಇಟ್ಟೆ. ಡೀಲರ್ ಕನ್ನಡಕಕ್ಕೆ ಸರ ಕಟ್ಟಿಕೊಂಡ ಅಜ್ಜಿ. ಹೇಗಾದರೂ ಹಂಚಿಕೊಳ್ಳಿ, ಆದರೆ ಕುರ್ಚಿಯಲ್ಲಿ ಕೂತವರ ಕೈಸನ್ನೆ ಮಾತ್ರ ಲೆಕ್ಕಕ್ಕೆ, ಬಾಯಿಮಾತು ನಡೆಯುವುದಿಲ್ಲ ಅಂತ ತಿಳಿಸಿದಳು. ಟೇಬಲ್ ಮುಟ್ಟಿದರೆ ಇನ್ನೊಂದು ಎಲೆ, ಕೈ ಅಡ್ಡ ಆಡಿಸಿದರೆ ಸಾಕು ಅಂತ, ಎರಡು ಬೆರಳು ಅತ್ತಿಂದಿತ್ತ ಆಡಿಸಿದರೆ ಅದಲುಬದಲು ಅಂತ. ಮೇಲಿನ ಕ್ಯಾಮೆರಾಗೆ ಕಾಣಬೇಕಂತೆ.

ಮೊದಲ ಆಟದಲ್ಲೇ ಮಧುಗೆ ಹದಿನೈದು, ಡೀಲರ್ ಮುಂದೆ ಐದು. ಚಾರ್ಟ್ ಪ್ರಕಾರ ಸುಮ್ಮನಿರಬೇಕು. ನನ್ನ ಗಂಡ ಸುಮ್ಮನಿರುವ ಮೊದಲು ಟೇಬಲ್ ಮುಟ್ಟಿ ಕಣ್ಣಿಗೊತ್ತಿಕೊಂಡ. ಅಜ್ಜಿ ತಕ್ಷಣ ಒಂದು ರಾಜನನ್ನು ತಂದು ಹಾಕಿದಳು. ಇಪ್ಪತ್ತೈದು, ಆಟ ಖಲಾಸ್. ನಾನು ಎಲೆ ಕೇಳಲಿಲ್ಲ, ನಮಸ್ಕಾರ ಮಾಡಿದೆ ಅಂತ ಅವನು ವಾದಿಸಿದ. ಒಕ್ಲಹೋಮದ ಕ್ಯಾಮೆರಾಗೆ ನಮಸ್ಕಾರ ಏನು ಗೊತ್ತು? ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ದಿನದ ನಗು ಅಲ್ಲಿಗೆ ಮುಗಿಯಿತು.

ನಾಲ್ಕೈದು ಆಟದ ನಂತರ ಎಡಗಡೆಗೆ ಹತ್ತು ಮತ್ತು ಎಂಟು ಬಂದವು. ಹದಿನೆಂಟು, ಅವನದು. ಬಲಗಡೆಗೆ ಒಂಬತ್ತು ಮತ್ತು ರಾಣಿ. ಹತ್ತೊಂಬತ್ತು, ನನ್ನದು! ಡೀಲರ್ ಮುಂದೆ ಒಂದು ಹತ್ತು, ಪಕ್ಕದಲ್ಲಿ ಮುಚ್ಚಿದ ಎಲೆ. ಅಂದು ನನಗೆ ಬಂದ ಮೊದಲ ಒಳ್ಳೆಯ ಆಟ ಅದು. ನಾನು ನೋಡುತ್ತಿರುವಾಗಲೇ ಮಧು ಎರಡು ಬೆರಳು ಅತ್ತಿಂದಿತ್ತ ಆಡಿಸಿದ. ನನ್ನ ರಾಣಿ ಅವನ ವೃತ್ತಕ್ಕೆ ಹೋದಳು. ಅವನ ಎಂಟು ನನ್ನ ಕಡೆಗೆ ಬಂತು. ಅವನಿಗೆ ಇಪ್ಪತ್ತು. ನನಗೆ ಹದಿನೇಳು.

ಅಜ್ಜಿ ಮುಚ್ಚಿದ ಎಲೆ ತಿರುಗಿಸಿದಳು. ಎಂಟು. ಒಟ್ಟು ಹದಿನೆಂಟು. ಅವನು ಗೆದ್ದ, ನಾನು ಸೋತೆ. ಬದಲಿಸದೆ ಇದ್ದಿದ್ದರೆ ನಾನು ಗೆಲ್ಲುತ್ತಿದ್ದೆ, ಅವನದು ಡ್ರಾ ಆಗುತ್ತಿತ್ತು. ಮನೆಯ ಲೆಕ್ಕಕ್ಕೂ ಅದೇ ಲಾಭ.

ನನ್ನ ರಾಣಿಯನ್ನು ಯಾಕೆ ತೆಗೆದುಕೊಂಡೆ ಅಂತ ಕೇಳಿದೆ.

"ಚಾರ್ಟ್ ನೋಡು ಕಣೆ" ಅಂದ, ತಿರುಗದೆ. "ಡೀಲರ್ ಹತ್ರ ಹತ್ತು ಇದ್ರೆ ಎರಡೂ ಉಳಿಯಲ್ಲ. ಒಂದನ್ನ ಗಟ್ಟಿ ಮಾಡಿ ಇನ್ನೊಂದನ್ನ ಬಿಟ್ಟುಬಿಡಬೇಕು. ಎರಡೂ ನಮ್ಮನೇದೇ ತಾನೇ?"

ಪರ್ಸಿನಿಂದ ಚಾರ್ಟ್ ತೆಗೆದು ನೋಡಿದೆ. (ಹೌದು, ನನಗೂ ಒಂದು ಪ್ರತಿ ಲ್ಯಾಮಿನೇಟ್ ಮಾಡಿಸಿಕೊಟ್ಟಿದ್ದಾನೆ.) ಅವನು ಹೇಳಿದ್ದು ಸರಿಯಾಗಿತ್ತು. ಲೆಕ್ಕ ಹಾಗೇ ಇತ್ತು. ನೀವೇ ಹೇಳಿ, ತಪ್ಪು ಮಾಡಿದ ಗಂಡನ ಮೇಲೆ ರೇಗಬಹುದು, ಸರಿ ಮಾಡಿದವನ ಮೇಲೆ ಹೇಗೆ ರೇಗುವುದು?

ನನ್ನ ಮುಖ ನೋಡಿ ದೇಸಾಯಿಯವರಿಗೆ ಕನಿಕರ ಬಂತು. ಸಮಾಧಾನ ಮಾಡಲು ಹೊರಟರು.

"ಸಿಟ್ಟಾಗಬ್ಯಾಡ್ರಿ ವೈನಿ. ಹೆಂಗೂ ಬರೋ ತಿಂಗಳ ಹೂಸ್ಟನ್‌ಗೆ ಬರ್ತೀರಲ್ರಿ. ನಮ್ಮ ಮನಿ ಹಿಂದಿನ ಓಣ್ಯಾಗ ನಿಮಗೊಂದು ಮನಿ ನೋಡಿಟ್ಟೇವಿ. ಅಲ್ಲೇ ಕೂತು ಪ್ರಾಕ್ಟೀಸ್ ಮಾಡೋಣಂತ."

ಮಧು ಚಿಪ್ಸ್ ಜೋಡಿಸತೊಡಗಿದ. ಜೋಡಿಸುವಷ್ಟು ಚಿಪ್ಸ್ ಅವನ ಮುಂದೆ ಇರಲೇ ಇಲ್ಲ.

ಯಾವ ಮನೆ ಅಂದೆ. ಹೇಳೋಣ ಅಂತಿದ್ದೆ ಅಂದ. ಹೇಳೋಣ ಅಂತ! ಕೇಳೋಣ ಅಂತ ಅಲ್ಲ. ನನ್ನ ಸೋಮವಾರದ ಉತ್ತರವನ್ನು ಅವನು ಹೂಸ್ಟನ್‌ನಲ್ಲಿ ಎಂದೋ ಕೊಟ್ಟು ಮುಗಿಸಿದ್ದ. ಸಿಟ್ಟಿಗಿಂತ ಹೆಚ್ಚಾಗಿ ಅವಮಾನ ಆಯಿತು. ಧಾರವಾಡದ ದೇಸಾಯಿಯವರಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

ನಮ್ಮ ಸುತ್ತಮುತ್ತ ನೋಡಿದರೆ ಇದೇನು ಹೊಸದಲ್ಲ ಬಿಡಿ. ಇಲ್ಲಿಂದ ಸೌತ್‌ಲೇಕ್‌ವರೆಗೆ ಯಾವ ಕನ್ನಡದ ಮನೆಗೆ ಹೋದರೂ ಒಂದು ಗಟ್ಟಿ ಆಟ, ಒಂದು ಬಿಟ್ಟ ಆಟ ಇರುತ್ತದೆ. ಮೈಸೂರಿನಲ್ಲಿ ಹಲ್ಲಿನ ಡಾಕ್ಟರ್ ಆಗಿದ್ದ ಗೆಳತಿಯೊಬ್ಬಳು ಇಲ್ಲಿ ಯುಗಾದಿಗೆ ಹೋಳಿಗೆ ಆರ್ಡರ್ ತೆಗೆದುಕೊಳ್ಳುತ್ತಾಳೆ. ಹೋಳಿಗೆ ಬಹಳ ಚೆನ್ನಾಗಿರುತ್ತದೆ, ಅದು ಬೇರೆ ಮಾತು. ಯಾರೂ ಅವಳಿಗೆ ಅನ್ಯಾಯ ಮಾಡಲಿಲ್ಲ. ಎಲ್ಲರೂ ಲೆಕ್ಕ ಹಾಕಿಯೇ ಮಾಡಿದರು. ಬಿಟ್ಟ ಆಟ ಯಾರದು ಅಂತ ಮಾತ್ರ ಪ್ರತಿಸಲವೂ ಚಾರ್ಟ್‌ಗೆ ಮೊದಲೇ ಗೊತ್ತಿರುತ್ತದೆ, ಅಲ್ಲವಾ?

"ಏಳು" ಅಂದೆ.

ಎದ್ದ. ದೇಸಾಯಿಯವರ ಮುಂದೆ ಏಳದೆ ಏನು ಮಾಡುತ್ತಾನೆ? ನಾನು ಕೂತೆ. ಅವನು ನನ್ನ ಹಿಂದೆ ನಿಂತ. ವೃತ್ತಗಳು ಮೊದಲಿನಂತೆಯೇ, ಎಡ ಅವನದು, ಬಲ ನನ್ನದು.

ಬಲಗಡೆ ಹತ್ತು ಮತ್ತು ಏಳು. ಎಡಗಡೆ ಆರು ಮತ್ತು ಹತ್ತು. ಡೀಲರ್ ಮುಂದೆ ಆರು. ಬದಲಿಸಿದರೆ ನನಗೆ ಇಪ್ಪತ್ತು, ಅವನಿಗೆ ಹದಿಮೂರು. ಚಾರ್ಟ್ ಬದಲಿಸು ಅನ್ನುತ್ತದೆ. ಬಾಯಿಪಾಠ ಮಾಡಿಸಿದವನು ಅವನೇ. ಆದರೂ ನಾನು ತಿರುಗಿ ಅವನ ಮುಖ ನೋಡಿದೆ.

"ನಿನ್ನ ಹತ್ತು ತಗೊಳ್ಳಲಾ?"

ಅಜ್ಜಿ ಕಾಯುತ್ತಿದ್ದಳು. ಪಕ್ಕದವರು ಕಾಯುತ್ತಿದ್ದರು. ಕೇಳಲು ಹಿಡಿದದ್ದು ಎರಡು ಸೆಕೆಂಡು. ಅದಕ್ಕೇ ಮಧು ರೇಗಿದ.

"ಇದರಲ್ಲಿ ಕೇಳೋದೇನಿದೆ? ಚಾರ್ಟಲ್ಲಿದೆಯಲ್ಲ!"

ಬದಲಿಸಿದೆ. ಅಜ್ಜಿ ಮುಚ್ಚಿದ ಎಲೆ ತಿರುಗಿಸಿದಳು, ಹತ್ತು. ಇನ್ನೊಂದು ಎಳೆದಳು, ಆರು. ಇಪ್ಪತ್ತೆರಡು. ಎಲ್ಲರದೂ ಡ್ರಾ. ನಾನು ಚಿಪ್ಸ್ ಎತ್ತಿಕೊಂಡು ಎದ್ದೆ.

ವಾಪಸ್ ಬರುವಾಗ ಕಾರಿನಲ್ಲಿ ದೇಸಾಯಿಯವರು ಒಬ್ಬರೇ ಮಾತಾಡಿದರು, ಹೂಸ್ಟನ್‌ನಲ್ಲಿ ಮಿರ್ಚಿ ಭಜಿ ಎಲ್ಲಿ ಚೆನ್ನಾಗಿರುತ್ತದೆ ಅಂತ. ಭಾನುವಾರ ಮಗಳು ಆಸ್ಟಿನ್‌ನಿಂದ ಫೋನ್ ಮಾಡಿದಾಗ ಕನ್ನಡದಲ್ಲಿ ಎಲ್ಲ ಹೇಳಿದೆ. ಅವಳು ಕೇಳಿದ್ದು ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ. ವೇಟ್, ಅಪ್ಪ ಡಿಡ್ ನಾಟ್ ಆಸ್ಕ್ ಯೂ? ಸಂಜೆ ಮಧು ಹೊರಡುವಾಗ ಬಾಗಿಲಲ್ಲಿ ನಿಂತು, ನಾಳೆ ಉತ್ತರ ಕೊಡಬೇಕು ಅಂತ ಇನ್ನೊಮ್ಮೆ ನೆನಪಿಸಿದೆ. ಏನಾದರೂ ಹೇಳಿ ಟೈಮ್ ತೆಗೆದುಕೋ, ಮುಂದಿನ ವಾರ ಬಂದಾಗ ಕೂತು ಮಾತಾಡೋಣ ಅಂದ. ಮನೆಗೆ ಅಡ್ವಾನ್ಸ್ ಕೊಟ್ಟಾಗಿದೆಯಾ ಅಂದೆ. ಶೂ ಲೇಸ್ ಕಟ್ಟಿಕೊಳ್ಳಲು ಬಗ್ಗಿದ.

ಸೋಮವಾರ ಆಫೀಸಿಗೆ ಹೋದವಳು ಕಾಫಿಗೂ ಮೊದಲು ಮೇಲ್ ಕಳಿಸಿದೆ. ಆಗುತ್ತೇನೆ ಅಂತ. ಮ್ಯಾನೇಜರ್ ಬಂದು ಕೈ ಕುಲುಕಿದಳು. ಸಂಜೆ ಮನೆಗೆ ಬಂದು ಫ್ರಿಜ್ಜಿಗೆ ದೇವಸ್ಥಾನದ ಕ್ಯಾಲೆಂಡರ್ ವಾಪಸ್ ಹಾಕಿದೆ. ಚಾರ್ಟ್ ಬಿಸಾಡಿಲ್ಲ. ಲ್ಯಾಮಿನೇಟ್ ಆಗಿದೆಯಲ್ಲ, ಮಜ್ಜಿಗೆ ಪಾತ್ರೆಯ ಕೆಳಗೆ ಇಡಲು ಚೆನ್ನಾಗಿದೆ.

ಮಧುಗೆ ಇನ್ನೂ ಹೇಳಿಲ್ಲ. ಪ್ರತಿ ಶುಕ್ರವಾರ ಹೂಸ್ಟನ್‌ನಿಂದ ಹೊರಡುವ ಮುಂಚೆ ಅವನು ನಾನು ವಾರವಾರ ಬರೆಯುವ ಈ ಅಂಕಣವನ್ನು ಫೋನಿನಲ್ಲಿ ಓದುತ್ತಾನೆ. (ನನ್ನ ಕಾಗುಣಿತದ ತಪ್ಪು ಹುಡುಕುವುದು ಅವನ ಹಳೇ ಚಾಳಿ.) ಈ ವಾರ ಇಲ್ಲಿಯವರೆಗೆ ಬಂದವನು ಪಾರ್ಕಿಂಗ್ ಲಾಟಿನಿಂದಲೇ ಫೋನ್ ಮಾಡುತ್ತಾನೆ. ಇಷ್ಟು ದೊಡ್ಡ ವಿಷಯ, ನನ್ನನ್ನು ಒಂದು ಮಾತು ಕೇಳಬೇಕಿತ್ತಲ್ಲ ಅನ್ನುತ್ತಾನೆ.

ಇದರಲ್ಲಿ ಕೇಳೋದೇನಿದೆ, ಮಧು?