ಸಣ್ಣ ಪ್ರೋಬ್ ಹಿಡಿಯದ ದಿನ

ಉಡುಪಿಯ ಡಾಲಿ ಮಸ್ಕತ್ತಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಹದಿನಾರು ವರ್ಷದಿಂದ ಅಲ್ಟ್ರಾಸೌಂಡ್ ಮಾಡುತ್ತಾಳೆ. ಕಂಡದ್ದನ್ನು ಬರೆಯಬೇಕು, ರೋಗಿಗೆ ಹೇಳಬಾರದು ಎಂಬ ನಿಯಮ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಯಾರಾದರೂ ಕನ್ನಡದಲ್ಲಿ ಕೇಳಿಬಿಟ್ಟರೆ ನಿಯಮ ಅತ್ತ, ಡಾಲಿ ಇತ್ತ.

ಭೀಮಪ್ಪ ಬಾಗಲಕೋಟೆ ಕಡೆಯವರು, ಮಸ್ಕತ್ತಿನ ಪಕ್ಕದ ಸೀಬ್‌ನಲ್ಲಿ ಎಂಜಿನಿಯರ್. ರಕ್ತದ ಕ್ಯಾನ್ಸರಿಗೆ ಕೀಮೋ ಆಗಿ, ತಳ ಕಂಡಿದ್ದ ಬಿಳಿ ರಕ್ತಕಣಗಳು ಏರತೊಡಗಿದರೂ ಜ್ವರ ಬಿಟ್ಟಿರಲಿಲ್ಲ. ರೋಗ ತಡೆಯುವ ಶಕ್ತಿ ಕುಸಿದಾಗ ಯಕೃತ್ತಿನೊಳಗೆ ಫಂಗಸ್ ಸೇರಿಕೊಳ್ಳುವುದುಂಟು, ನೋಡಿ ಎಂದು ಡಾಕ್ಟರು ಬರೆದಿದ್ದರು. ಅದರ ಚುಕ್ಕೆಗಳು ಕೊತ್ತಂಬರಿ ಕಾಳಿನಷ್ಟೇ ಇರುತ್ತವೆ. ಮೈಮೇಲೆ ಆಡಿಸುವ ದೊಡ್ಡ ಪ್ರೋಬಿನಲ್ಲಿ ಹೊಟ್ಟೆಯೆಲ್ಲ ನೋಡಿದ ಮೇಲೆ, ಸೂಕ್ಷ್ಮವಾದದ್ದನ್ನೂ ತೋರಿಸುವ ಸಣ್ಣದರಲ್ಲಿ ಮತ್ತೆ ಹುಡುಕಬೇಕು. ದೊಡ್ಡದು ಮುಗಿದಾಗಲೇ ಭೀಮಪ್ಪನ ಹೆಂಡತಿ ಶರಣವ್ವ, ಏನಾದರೂ ಕಂಡಿತೇ ಎಂದು ಮೂಲೆಯಿಂದ ಕೇಳಿದರು.

"ಎಂತದ್ದೂ ಇಲ್ಲ ಮಾರಾಯ್ರೆ, ಹೆದರ್ಬೇಡಿ," ಎಂದಳು ಡಾಲಿ.

ಶರಣವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. ಇನ್ನು ಸಣ್ಣ ಪ್ರೋಬ್ ಹಿಡಿದರೆ ಅವರಿಗೆ ಸಂಶಯ ಬಂದೀತೆಂದು ಡಾಲಿ ಜೆಲ್ ಒರೆಸಿಬಿಟ್ಟಳು.

ಅಲ್ ಗುಬ್ರಾದ ಮನೆಗೆ ಕಾರು ಓಡಿಸುವಾಗಲೇ ಅದು ಚುಚ್ಚತೊಡಗಿತು. ಮರುದಿನ ಅವರನ್ನು ಮತ್ತೆ ಕರೆಸಬಹುದಿತ್ತು. ಕರೆಸಿದರೆ ಆಡಿದ ಮಾತು ನುಂಗಬೇಕು, ಶರಣವ್ವನಿಗೆ ಮುಖ ಕೊಡಬೇಕು. ನಾಲ್ಕು ದಿನ ಸುಮ್ಮನಿದ್ದಳು. ಹೇಡಿತನ, ಬೇರೆ ಹೆಸರಿಲ್ಲ ಅದಕ್ಕೆ.

ಐದನೆಯ ದಿನ ಜ್ವರ ಹೆಚ್ಚಾಗಿ ಭೀಮಪ್ಪ ಆಸ್ಪತ್ರೆ ಸೇರಿದರು. ಈ ಸಲ ಸಣ್ಣ ಪ್ರೋಬ್ ಇಟ್ಟರೆ ಯಕೃತ್ತಿನ ತುಂಬ ಚುಕ್ಕೆಗಳು, ನಡುವೆ ಬಿಳಿ, ಸುತ್ತ ಕಪ್ಪು ಉಂಗುರ. ಹೊಸದಾಗಿ ಬಂದವು ಎಂದು ಬರೆದಿದ್ದರೆ ಕೇಳುವವರಿರಲಿಲ್ಲ. ಹಾಗೆ ಬರೆಯಲು ಹೊರಟ ತನ್ನ ಮೇಲೇ ಅವಳಿಗೆ ಹೇಸಿಗೆಯಾಯಿತು. ಡಾಕ್ಟರ ಕೋಣೆಗೆ ಹೋಗಿ, ಹೋದ ಸಲ ತಾನು ಪೂರ್ತಿ ನೋಡಲಿಲ್ಲ ಎಂದು ಒಪ್ಪಿಕೊಂಡಳು. ಅವರು ಚೆನ್ನಾಗಿ ಬೈದು, ಆಗಲೇ ಫಂಗಸ್‌ಗೆ ಔಷಧಿ ಶುರುಮಾಡಿಸಿದರು.

ವಾರ್ಡಿನ ಬಾಗಿಲಲ್ಲಿ ಶರಣವ್ವನಿಗೂ ಅದನ್ನೇ ಹೇಳಿ, ಬೈಯಲಿ ಎಂದು ಕಾದು ನಿಂತಳು.

"ನಮ್ಮ ನೇತ್ರಾ ಬರ್ತೀನಿ ಅಂತ ಟಿಕೆಟ್ ತಗೊಂಡಿದ್ಲ್ರಿ," ಎಂದರು ಶರಣವ್ವ. "ನೀವು ಏನೂ ಇಲ್ಲ ಅಂದ್ರಿ ಅಂತ ನಾನ ಬ್ಯಾಡ ಅಂದೆ. ಈಗ ಆಕಿಗೆ ನೀವ ಹೇಳ್ರಿ."

ಧಾರವಾಡದಲ್ಲಿದ್ದ ಮಗಳ ನಂಬರು ಒತ್ತಿ ಫೋನನ್ನು ಡಾಲಿಯ ಕೈಗಿಟ್ಟರು. ಡಾಲಿ ತನ್ನ ಹೆಸರು ಹೇಳಿದಳಷ್ಟೆ.

"ಸ್ಕ್ಯಾನಿಂಗ್ ಡಾಲಿ ಮೇಡಮ್ಮಾರೇನ್ರಿ?" ಎಂದಿತು ಆ ಕಡೆಯ ದನಿ. "ಅಪ್ಪಗ ಏನೂ ಇಲ್ಲ ಅಂತ ನೀವು ಅಂದದ್ದು ಅವ್ವ ಹೇಳ್ಯಾಳ. ನಿಮ್ಮಿಂದ ನಾಕು ದಿನ ಕಣ್ತುಂಬ ನಿದ್ದಿ ಮಾಡೀನ್ರಿ."

ಡಾಲಿ ಗೋಡೆಗೆ ಒರಗಿ, ಮೊದಲಿನಿಂದ ಹೇಳತೊಡಗಿದಳು.