ಕ್ಲೋರೋಫಾರ್ಮ್ ಸೀಸೆ ಒಡೆದ ದಿನ

ಮಣಿಪಾಲದಲ್ಲಿ ನಾನು ಸಂಶೋಧನೆ ಮಾಡುತ್ತಿದ್ದಾಗ ನಮ್ಮ ಕೆಲಸವೆಲ್ಲ ಇಲಿಗಳ ಯಕೃತ್ತಿನ ಮೇಲೆ. ಎರಡು ತಳಿಯ ಇಲಿಗಳಿದ್ದವು. ಕ್ಲೋರೋಫಾರ್ಮನ್ನು ಕುಡಿಯುವ ನೀರಿಗೆ ಬೆರೆಸಿಟ್ಟರೆ ಅವು ದಿನವಿಡೀ ಗುಟುಕು ಗುಟುಕಾಗಿ ಕುಡಿದೂ ಹೆಚ್ಚುಕಡಿಮೆ ಚೆನ್ನಾಗಿಯೇ ಇರುತ್ತಿದ್ದವು. ಅಷ್ಟನ್ನೇ ಎಣ್ಣೆಯಲ್ಲಿ ಕಲಸಿ, ಕೊಳವೆಯಿಂದ ಒಮ್ಮೆಲೇ ಹೊಟ್ಟೆಗೆ ಬಿಟ್ಟರೆ ಯಕೃತ್ತು ಬಿಳಿಚಿಕೊಳ್ಳುತ್ತಿತ್ತು. ಅದನ್ನೂ ಒಂದು ತಳಿ ತಡೆದುಕೊಳ್ಳುತ್ತಿತ್ತು, ಇನ್ನೊಂದು ಸಾಯುತ್ತಿತ್ತು.

ನನ್ನ ಜೊತೆಗಿದ್ದವಳು ಕೆಮ್ಮಣ್ಣು ಊರಿನ ಹುಡುಗಿ. ಒಂದು ಮಧ್ಯಾಹ್ನ ಅವಳ ಕೈಗವಸಿನಿಂದ ದೊಡ್ಡ ಸೀಸೆ ಜಾರಿ ಒಡೆಯಿತು. ಕರೆಂಟು ಹೋಗಿ ಫ್ಯಾನು ನಿಂತಿತ್ತು. ಸಿಹಿ ವಾಸನೆ ಕೋಣೆಯನ್ನೆಲ್ಲ ತುಂಬಿತು. ಗಾಬರಿಯಲ್ಲಿ ಇಬ್ಬರೂ ಕುಳಿತು ಬಟ್ಟೆಯಿಂದ ಒರೆಸಿದೆವು. ಎದ್ದಾಗ ಗೋಡೆ ವಾಲುತ್ತಿತ್ತು. ಹೇಗೋ ಹೊರಗೆ ಬಂದು ಬಿದ್ದೆವು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, "ಬಾಯಿಗೆ ಹೋಗಿದೆಯಾ, ಉಸಿರಲ್ಲಿ ಮಾತ್ರವಾ?"

"ಉಸಿರಲ್ಲಿ ಮಾತ್ರ ಸರ್."

"ಊಟ ಆಗಿತ್ತಾ?"

"ನನ್ನದು ಆಗಿತ್ತು," ಎಂದೆ. ಅವಳು ಮೆಲ್ಲಗೆ, "ಇವತ್ತು ಏಕಾದಶಿ. ನಿನ್ನೆ ರಾತ್ರಿಯಿಂದ ನೀರು ಮಾತ್ರ," ಎಂದಳು.

ಉಪವಾಸವಿದ್ದ ಇಲಿಗಳಿಗೆ ವಿಷ ಬೇಗ ಏರುವುದನ್ನು ನಾವಿಬ್ಬರೂ ಕಂಡಿದ್ದೆವು. ಅವಳು ನನ್ನ ಮುಖ ನೋಡಲಿಲ್ಲ.

ಮರುದಿನ ರಕ್ತಪರೀಕ್ಷೆಯಲ್ಲಿ ನನಗೇನೂ ಇರಲಿಲ್ಲ. ಅವಳ ಲಿವರಿನ ಅಂಕಿಗಳು ಏರಿದ್ದವು. ಅದರ ಮರುದಿನ ಇನ್ನೂ ಏರಿದವು. ಸಲೈನಿನಲ್ಲಿ ಔಷಧ ಹೋಗುತ್ತಿತ್ತು. ಅವಳ ಅಮ್ಮ ಮಗಳ ಕಣ್ಣಿನ ರೆಪ್ಪೆ ಎಳೆದೆಳೆದು ಹಳದಿ ಬಂದಿದೆಯೇ ಎಂದು ನೋಡುತ್ತಿದ್ದರು.

ಅಮ್ಮ ಹೊರಗೆ ಹೋದಾಗ ಅವಳು ಕೇಳಿದಳು, "ನಾನು ಯಾವ ತಳಿ ಮಾರಾಯ್ತಿ? ಒಂದೇ ಗಾಳಿ ಕುಡಿದದ್ದು ಅಲ್ವಾ ನಾವು?"

"ಎಂತ ಮಾತು ಅದು? ನೀನು ಉಪವಾಸ ಇದ್ದೆ, ಅಷ್ಟೇ."

"ಅಷ್ಟೇ ಅಂತ ನಿನಗೆ ಗೊತ್ತುಂಟಾ?"

ಅವಳ ಕೈ ಹಿಡಿದು ಕುಳಿತೆ. ಇನ್ನಂಜೆಯ ನಮ್ಮ ಮನೆಗೆ ಹೋದರೂ ಅನ್ನ ಸೇರಲಿಲ್ಲ. ಫೋನು ಹೊಡೆದರೆ ಓಡಿ ಬಂದು ಎತ್ತುತ್ತಿದ್ದೆ.

ಮೂರನೆಯ ಪರೀಕ್ಷೆಯ ಹೊತ್ತಿಗೆ ಅಂಕಿಗಳು ಇಳಿಯತೊಡಗಿದವು. ವಾರ ಕಳೆದು ಅವಳು ಮನೆಗೆ ಹೋದಳು, ಪೂರ್ತಿ ಗುಣವಾದಳು, ಮತ್ತೆ ಅದೇ ಕೆಲಸಕ್ಕೆ ಬಂದಳು. ನಾನು ಮಾತ್ರ ಪ್ರಾಣಿಗಳ ಕೋಣೆಯ ಬಾಗಿಲಿನವರೆಗೆ ಹೋಗಿ ನಿಂತುಬಿಡುತ್ತಿದ್ದೆ. ಕೊನೆಗೆ ನಮ್ಮ ಗೈಡ್ ಮೇಡಂ ಹತ್ತಿರ ಹೇಳಿ ಬೇರೆ ವಿಷಯ ತೆಗೆದುಕೊಂಡೆ.